ಬೇಕರಿ ಗಾಜಿನ ಮೇಲಿನ ಪಟ್ಟಿ

ಪಟ್ಟಿ ಬರೆಯಲು ಕೂತ ಶಾಲೆಯ ನರ್ಸ್ ಮೊದಲ ಸಾಲಿನಲ್ಲೇ ತನ್ನ ಮನೆಯ ಮಗುವಿನ ಹೆಸರು ಬರೆದಳು. ತೀರಿಹೋದ ಅಕ್ಕನ ಮಗಳು, ಹತ್ತು ವರ್ಷದವಳು. ಮನೆಯಲ್ಲಿ ಎಲ್ಲರಿಗೂ ಗುಬ್ಬಿ.

ತೂಕ ಹೆಚ್ಚಿರುವ ಮಕ್ಕಳಿಗಾಗಿ ಬೀದಿಯವರೆಲ್ಲ ಕೈಜೋಡಿಸಬೇಕೆಂದು ಆರು ತಿಂಗಳು ಮನೆಮನೆ ಅಲೆದವಳು ಅವಳೇ. ಆಟದ ಮೇಷ್ಟ್ರು ಸಂಜೆ ಮೈದಾನದ ಗೇಟು ತೆರೆದಿಡಲು ಒಪ್ಪಿದರು. ಬೇಕರಿಯವನು ಆ ಮಕ್ಕಳಿಗೆ ಕ್ರೀಮ್ ಬನ್ ಬದಲು ಹಣ್ಣು ಕೊಡಲು ಒಪ್ಪಿದ.

"ಯಾವ ಮಕ್ಕಳು ಅಂತ ನಂಗೆ ಹೇಗೆ ಗೊತ್ತಾಗ್ಬೇಕು ಸಿಸ್ಟರ್? ನನ್ ಮರೆವು ನಿಮ್ಗೆ ಗೊತ್ತಲ್ಲ, ಕನ್ನಡಕ ಹಾಕ್ಕೊಂಡೇ ಕನ್ನಡಕ ಹುಡುಕ್ತೀನಿ."

ಅದಕ್ಕೇ ಆ ಪಟ್ಟಿ, ಮೇಲೆ 'ತೂಕ ಹೆಚ್ಚಿರುವ ಮಕ್ಕಳು' ಎಂಬ ತಲೆಬರಹ. ತನ್ನವಳನ್ನು ಮಾತ್ರ ಬಿಟ್ಟಳೆಂದು ನಾಳೆ ಯಾರೂ ಬೆರಳು ತೋರಿಸಬಾರದೆಂದು ಗುಬ್ಬಿ ಮೊದಲು.

ಶುಕ್ರವಾರ ಬೇಕರಿಯವನೇ ಶಾಲೆಗೆ ಬಂದ. ನರ್ಸ್ ಕೋಣೆಯ ಬಾಗಿಲಲ್ಲೇ ನಿಂತ, ಒಳಗೆ ಬರಲಿಲ್ಲ.

"ತಪ್ಪಾಗೋಯ್ತು ಸಿಸ್ಟರ್. ಮರೀಬಾರ್ದು ಅಂತ ಪಟ್ಟೀನ ಗಾಜಿಗೆ ಅಂಟಿಸ್ಬಿಟ್ಟಿದ್ದೆ. ನಿನ್ನೆ ನಿಮ್ ಮಗು ಬ್ರೆಡ್ ತಗೊಳ್ಳೋಕೆ ಬಂದಿತ್ತು. ಹಿಂದೆ ನಿಂತಿದ್ದ ಹುಡುಗೀರು ಜೋರಾಗಿ ಓದಿದ್ರು. 'ನೋಡ್ರೇ, ಇವಳಿಗೇ ಫಸ್ಟ್ ರ್‍ಯಾಂಕ್!' ಅಂದ್ರು."

"ಅತ್ತಳಾ?"

"ಇಲ್ಲಮ್ಮ. ಅಕ್ಷರಾನೇ ನೋಡ್ತಾ ನಿಂತಿತ್ತು. 'ಇದು ನಮ್ಮ ಚಿಕ್ಕಮ್ಮನ ಕೈಬರಹ' ಅಂತು. ಚಿಲ್ಲರೆ ಇಸ್ಕೊಳ್ಳದೆ ಹೋಯ್ತು. ಆಮೇಲೆ ಹರಿದು ಬಿಸಾಕ್ದೆ."

ಹರಿದರೇನು ಬಂತು! ನಿನ್ನೆ ಸಂಜೆ 'ಹೊಟ್ಟೆ ನೋವು' ಎಂದು ಗುಬ್ಬಿ ಮಲಗಿದಾಗ ಇವಳು ಮಾತ್ರೆ ಕೊಟ್ಟಿದ್ದಳು. ನಾಡಿಯನ್ನೂ ನೋಡಿದ್ದಳು.

ಅಂದು ಸಂಜೆ ಇಬ್ಬರೂ ಊಟಕ್ಕೆ ಕೂತರು. ಬೇರೆ ದಿನಗಳಲ್ಲಿ 'ನಿನ್ ತಟ್ಟೇದೇ ರುಚಿ ಚಿಕ್ಕಮ್ಮ' ಎಂದು ಗುಬ್ಬಿ ಕೈಹಾಕಿ ಕಿತ್ತುಕೊಳ್ಳುವಳು. 'ಕಳ್ಳ ಗುಬ್ಬಿ' ಎಂದು ಇವಳು ಕೈಗೊಂದು ಏಟು ಕೊಡುವಳು. ಇಂದು ಗುಬ್ಬಿಯ ತಟ್ಟೆಯ ಮೇಲೊಂದು ಚೂರು ಬ್ರೆಡ್, ಅದರ ಪಕ್ಕ ಅಲುಗಾಡದ ಪುಟ್ಟ ಕೈ.

"ಚಿಕ್ಕಮ್ಮ, ಇದನ್ನ ತಿನ್ಲಾ?"

"ಅದೇನು ಕೇಳೋದು ಪುಟ್ಟಾ, ತಿನ್ನು."

"ಪೂರ್ತೀನಾ?"

ಊರಿಗೆಲ್ಲ ಬುದ್ಧಿ ಹೇಳಿದ ನರ್ಸ್ ತನ್ನ ತಟ್ಟೆಯಿಂದ ಒಂದು ತುತ್ತು ಮುರಿದು ಮಗುವಿನ ಬಾಯಿಯ ಹತ್ತಿರ ಹಿಡಿದಳು.

ಗುಬ್ಬಿ ಒಮ್ಮೆ ತೆರೆದ ಕಿಟಕಿಯ ಕಡೆ ನೋಡಿದಳು, ಬೀದಿಯಲ್ಲಿ ಯಾರಾದರೂ ಇದ್ದಾರೇನೋ ಎಂಬಂತೆ. ಆಮೇಲೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ತುಟಿ ಬಿಗಿದಳು.