ಕಿತ್ತಳೆ ಚಿತ್ರದ ಶೀಶೆ

ಎಣ್ಣೆಯನ್ನು ನಾಲಿಗೆಯ ಮೇಲೆ ಒಂದು ಗಳಿಗೆ ಆಡಿಸಿ ತಂಗಿ ಸಿಂಕಿಗೆ ಉಗಿದಳು. ಬಾಯಿ ಮುಕ್ಕಳಿಸಿ ಮತ್ತೆ ಉಗಿದಳು. ಹೋಗಲಿಲ್ಲ. ಅಂಗುಳಿಗೆ ಅಂಟಿಕೊಂಡು ಕೂತಿತ್ತು. ಹಳೇ ದಿಂಬಿನ ಜಿಡ್ಡು, ಮುಚ್ಚಳ ಹಾಕಲು ಮರೆತ ಬಣ್ಣದ ಡಬ್ಬಿ, ನೆಂದ ನಾಯಿ, ಮೂರೂ ಒಂದೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಸಂಸಾರ ಹೂಡಿದ ಹಾಗೆ.

"ಕಮಟು ಹಿಡಿದಿದೆ," ಅಂದಳು.

ಅಣ್ಣ ಬಾಗಿಲಿಗೆ ಒರಗಿ ನಿಂತಿದ್ದ, ಬಿಳಿ ಕೋಟಿನಲ್ಲಿ. ಜಾಹೀರಾತಿನ ಫೋಟೋಗೆಂದು ಹೊಲಿಸಿದ್ದು. ಫೋಟೋ ಮುಗಿದ ಮೇಲೂ ಬಿಚ್ಚಲು ಮನಸ್ಸಾಗದೆ ಹಾಗೇ ಓಡಾಡುತ್ತಿದ್ದ.

"ಗಿಡದ ವಾಸನೆ ಸ್ವಲ್ಪ ಇರುತ್ತೆ ಕಣೇ. ಗಾಂಜಾ ಗಿಡ ಏನು ಗುಲಾಬಿಯಾ?"

"ಗಿಡದ ವಾಸನೆ ನನಗೆ ಗೊತ್ತು. ಇದು ಎಣ್ಣೆ ಕೆಟ್ಟ ನಾತ. ಪೀಪಾಯಿ ಎಲ್ಲಿಟ್ಟಿದ್ದೆ?"

"ಮಾಳಿಗೆ ಮೇಲೆ, ತಗಡಿನ ಶೆಡ್ಡಲ್ಲಿ."

"ಬೇಸಿಗೆಯೆಲ್ಲಾ?"

"ಮತ್ತೆಲ್ಲಿಡಲಿ, ನಿನ್ನ ಬೀರುವಲ್ಲಾ?"

ಎಣ್ಣೆ ಮಾರಲು ಅಣ್ಣ ಮಾಡುವ ಭಾಷಣ ಅವಳಿಗೆ ಬಾಯಿಪಾಠವಾಗಿತ್ತು. ಮನುಷ್ಯನ ದೇಹ ಕಬ್ಬಿಣದ ಗೇಟಿನ ಹಾಗೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಉಸಿರಾಡುವ ಗಾಳಿಯೇ ಜೀವಕೋಶಗಳನ್ನು ಸುಡುತ್ತದೆ. ಗಾಂಜಾ ಗಿಡದಲ್ಲಿ ಅಮಲು ಬರಿಸದ ಕ್ಯಾನಬಿಡಿಯಾಲ್ ಅಂತ ಒಂದು ಸತ್ವವಿದೆ, ಅದು ಆ ತುಕ್ಕನ್ನು ತಡೆಯುತ್ತದೆ. ಕೊನೆಗೆ ಎದೆಯ ಮೇಲೆ ಕೈಯಿಟ್ಟು, "ನಮ್ಮಮ್ಮನಿಗೇ ಕೊಡ್ತೀನಿ ಸಾರ್," ಅನ್ನುತ್ತಿದ್ದ. ಭಾಷಣದಲ್ಲಿ ಅನುಮಾನವೇ ಇಲ್ಲದ ಸತ್ಯ ಅದೊಂದೇ. ಹಾಗಾಗಿಯೇ ಅವನ ಬಗ್ಗೆ ಪೂರ್ತಿ ಹೇಸಿಕೊಳ್ಳಲು ಅವಳಿಂದ ಆಗುತ್ತಿರಲಿಲ್ಲ.

"ನೀನು ತುಕ್ಕು ಅಂತೀಯಲ್ಲ, ಎಣ್ಣೆಗೂ ಅದೇ ಆಗಿರೋದು," ಅಂದಳು. "ಬಿಸಿಲು, ಗಾಳಿ ತಾಗಿ ಸುಟ್ಟಿದೆ. ತುಕ್ಕಿನ ಔಷಧಿಗೇ ತುಕ್ಕು."

"ಸತ್ವ ಹಾಗೇ ಇರುತ್ತೆ. ಅದು ತುಕ್ಕು ತಡೆಯೋದನ್ನ ಇಲಿಗಳಲ್ಲಿ ತೋರಿಸಿದ್ದಾರೆ."

"ಇಲಿಗಳಲ್ಲಿ ತೋರಿಸಿದ್ದಾರೆ, ಗಾಜಿನ ತಟ್ಟೆಯ ಕೋಶಗಳಲ್ಲಿ ತೋರಿಸಿದ್ದಾರೆ. ಪ್ರಮಾಣ ಜಾಸ್ತಿಯಾದರೆ ಅದೇ ಸತ್ವ ಕೋಶಗಳನ್ನ ಕೆಡಿಸಿದ್ದನ್ನೂ ತೋರಿಸಿದ್ದಾರೆ. ಆ ಪುಟ ನೀನು ಓದಲಿಲ್ಲ."

"ಓದಿದೆ. ಮಡಿಚಿಟ್ಟೆ."

ಅವಳಿಗೆ ನಗು ಬಂತು, ಅದರ ಜೊತೆಗೇ ತೇಗೂ ಬಂತು, ತೇಗಿನಲ್ಲಿ ಮತ್ತೆ ಅದೇ ಎಣ್ಣೆ.

ಅವನಿಗೆ ಬೇಕಾಗಿದ್ದದ್ದು ಕಿತ್ತಳೆ. ಕೆಮ್ಮಿನ ಸಿರಪ್ಪಿನ ಕಂಪನಿಯಲ್ಲಿ ರುಚಿ ಕೂಡಿಸುವ ಕೆಲಸ ಮಾಡಿ ಬಂದವಳು ಅವಳು. ಮಕ್ಕಳ ಗಂಟಲಿಗೆ ಕಹಿಯನ್ನು ನಯವಾಗಿ ಇಳಿಸುವುದು ಅವಳ ಕಸುಬು. ಈ ಎಣ್ಣೆಗೂ ಒಂದಿಷ್ಟು ಕಿತ್ತಳೆ ಸಾರ ಬಿಟ್ಟರೆ ಪೀಪಾಯಿಯೆಲ್ಲ ಅಂಗಡಿ ಸೇರುತ್ತಿತ್ತು. ಲೇಬಲ್ ಆಗಲೇ ಅಂಟಿಸಿಯಾಗಿತ್ತು: ಅರ್ಧಕ್ಕೆ ಹೆಚ್ಚಿದ ಕಿತ್ತಳೆ, ಅದರಿಂದ ತೊಟ್ಟಿಕ್ಕುವ ಒಂದು ಹೊಳೆಯುವ ಹನಿ. ಕಹಿ ಮುಚ್ಚುವುದಕ್ಕೆ ಅವಳಿಗೆ ಯಾವತ್ತೂ ಬೇಸರವಿರಲಿಲ್ಲ. ಕೊಳೆತದ್ದನ್ನು ಮುಚ್ಚು ಅಂದರೆ ಕೈ ಮುಂದೆ ಹೋಗುತ್ತಿರಲಿಲ್ಲ.

"ಅಮ್ಮನ ಮುಂದೆ ಇಡೋಣ," ಅಂದಳು ಕೊನೆಗೆ. "ಕಿತ್ತಳೆ ಹಾಕದೆ, ಏನೂ ಹೇಳಿಕೊಡದೆ, ಹೀಗೇ. ಅಮ್ಮ ಉಗಿದರೆ ಪೀಪಾಯಿ ಚರಂಡಿಗೆ. ಇನ್ಮೇಲೆ ಅಮ್ಮನಿಗೂ ಇದನ್ನ ಕೊಡೋ ಹಾಗಿಲ್ಲ."

"ಉಗೀಲಿಲ್ಲ ಅಂದ್ರೆ?"

"ನೀನು ಹೇಳಿದಷ್ಟು ಕಿತ್ತಳೆ ಹಾಕ್ತೀನಿ."

ಆ ಮನೆಯಲ್ಲಿ ಅಮ್ಮನ ಮೂಗಿನ ತೀರ್ಪಿಗೆ ಎದುರಾಡಿದವರಿಲ್ಲ. ಅಣ್ಣ ಮೊದಲ ಸಿಗರೇಟು ಸೇದಿ ಪುದೀನಾ ಜಗಿದು ಬಂದ ದಿನ ಅಮ್ಮ ಬಾಗಿಲಲ್ಲೇ, "ಪುದೀನಾ ಯಾತಕ್ಕೆ ಜಗಿದೆ?" ಅಂತ ಕೇಳಿದ್ದಳು. ಸಿಗರೇಟಿನ ಮಾತೇ ಎತ್ತಲಿಲ್ಲ. ಅವನಿಗೆ ಹೊಡೆತ ತಿಂದಿದ್ದರೆ ವಾಸಿಯಿತ್ತು ಅನ್ನಿಸಿತ್ತು. ಅಮ್ಮನ ಬಲಗೈ ನಡುಗಲು ಶುರುವಾದಾಗ ಡಾಕ್ಟರು, "ಈ ಕಾಯಿಲೆ ಬಂದವರಿಗೆ ಎಷ್ಟೋ ಸಲ ವಾಸನೆ ತಿಳಿಯೋದು ನಿಂತು ಹೋಗುತ್ತೆ. ನಿಮಗೆ ತಿಳಿಯುತ್ತಾ ತಾಯಿ?" ಅಂತ ಕೇಳಿದ್ದರು. "ನನ್ನ ಮೂಗಾ? ಪಕ್ಕದ ಮನೇಲಿ ಹಾಲು ಒಡೆದರೆ ಇಲ್ಲಿಂದ ಹೇಳ್ತೀನಿ," ಅಂದಿದ್ದಳು ಅಮ್ಮ. ಮಕ್ಕಳಿಬ್ಬರೂ ನಕ್ಕಿದ್ದರು. ಡಾಕ್ಟರು, "ಒಳ್ಳೇದು," ಅಂದಿದ್ದರು. ಕಾಯಿಲೆ ಇನ್ನೂ ಮೇಲುಮೇಲೆ ಇದೆ ಅಂತ ಇಬ್ಬರೂ ಅದನ್ನೇ ಹಿಡಿದುಕೊಂಡು ಧೈರ್ಯವಾಗಿದ್ದರು.

ಇತ್ತೀಚೆಗೆ ಅಮ್ಮನ ಅಡುಗೆಮನೆಯ ಕಸದ ಬುಟ್ಟಿ ನಾರುತ್ತಿತ್ತು. ಮೊನ್ನೆ ತಂಗಿ ಮುಚ್ಚಳ ತೆಗೆದಾಗ ತಳದಲ್ಲಿ ಹುಳ ಮಿಜಿಗುಟ್ಟುತ್ತಿದ್ದವು. ಕೈ ನಡುಗುವವಳಿಗೆ ಬುಟ್ಟಿ ಎತ್ತಲಾಗುವುದಿಲ್ಲ ಅಂದುಕೊಂಡು, ಮೂಗು ಮುಚ್ಚಿ ತಾನೇ ತೊಳೆದಿಟ್ಟಿದ್ದಳು.

ಅಣ್ಣ ಲೇಬಲ್ ಅಂಟಿಸಿದ ಶೀಶೆಯೊಂದಕ್ಕೆ ಪೀಪಾಯಿಯ ಎಣ್ಣೆ ತುಂಬಿದ. ಇಬ್ಬರೂ ಕೆಳಗಿನ ಕೆಲಸದ ಕೋಣೆಯಿಂದ ಹಿಂಬದಿಯ ಮೆಟ್ಟಿಲು ಹತ್ತಿ ಮೇಲಿನ ಮನೆಗೆ ಬಂದರು. ಅಮ್ಮ ಕಿಟಕಿಯ ಹತ್ತಿರ ಕೂತು, ನಡುಗುವ ಕೈಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಇನ್ನೊಂದು ಕೈಯಲ್ಲಿ ಟವೆಲು ಮಡಿಚುತ್ತಿದ್ದಳು.

"ಏನು, ಇಬ್ಬರೂ ಒಟ್ಟಿಗೆ ಬಂದಿದೀರಿ? ಜಗಳ ಮುಗೀತೋ, ಈಗ ಶುರುವೋ?"

"ಹೊಸ ಎಣ್ಣೆ ಅಮ್ಮ. ನೋಡಿ ಹೇಳು," ಅಂದ ಅಣ್ಣ. ಮಾತಿಗೆ ತಪ್ಪದೆ ಅಷ್ಟೇ ಹೇಳಿ ಶೀಶೆಯ ಮುಚ್ಚಳ ತೆಗೆದು ಕೊಟ್ಟ.

ಅಮ್ಮ ಶೀಶೆ ತೆಗೆದುಕೊಂಡಳು. ತೋಳುದ್ದ ದೂರ ಹಿಡಿದು ನೋಡಿದಳು. ಆಮೇಲೆ ಯಾವಾಗಿನಂತೆ ಮೂಗಿನ ಕೆಳಗೆ ತಂದು, ಕಣ್ಣು ಮುಚ್ಚಿ, ಉಸಿರನ್ನು ಉದ್ದಕ್ಕೆ ಎಳೆದುಕೊಂಡಳು. ಎರಡು ಮಾರು ದೂರ ನಿಂತ ತಂಗಿಗೆ ನಾತ ಮುಖಕ್ಕೆ ಬಡಿಯಿತು. ಅಣ್ಣನೂ ಗೊತ್ತಿಲ್ಲದೆ ಮೂಗು ಸಿಂಡರಿಸಿದ. ಅಮ್ಮ ನಾಲಿಗೆ ಚಾಚಿದಳು. ಅಣ್ಣ ಶೀಶೆ ತೆಗೆದುಕೊಂಡು ಗಾಜಿನ ಕೊಳವೆಯಿಂದ ಎರಡು ತೊಟ್ಟು ಬಿಟ್ಟ. ಬಾಯೊಳಗೆ ಎಣ್ಣೆ ಆಚೀಚೆ ಹೊರಳಿತು, ತುಟಿಯಂಚು ಮಿರುಗಿತು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಕಿತ್ತಳೆ," ಅಂದಳು ಅಮ್ಮ. ಮಗಳ ಕಡೆ ತಿರುಗಿ, "ನಿನ್ನ ಕೈದೇ ಅಲ್ವೇನೇ? ಘಮ್ಮಂತಿದೆ. ಕೊನೇಲಿ ಒಂಚೂರು ಕಹಿ, ಅಷ್ಟೇ. ಕಿತ್ತಳೆ ಸ್ವಲ್ಪ ಜಾಸ್ತೀನೇ ಬಿದ್ದಿದೆ."

ಪಂದ್ಯ ಅಣ್ಣನದಾಗಿತ್ತು. ಅವನು ಶೀಶೆಯ ಮೇಲಿನ ಚಿತ್ರವನ್ನು ನೋಡುತ್ತಿದ್ದ. ಕೋಟಿನ ತೋಳಿನ ಮೇಲೆ ಒಂದು ಹನಿ ಬಿದ್ದು ಹಳದಿಯಾಗಿ ಅಗಲವಾಗುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ. ತಂಗಿಗೆ ಕಸದ ಬುಟ್ಟಿಯ ತಳ ಕಣ್ಣಮುಂದೆ ಬಂತು.

ಅಮ್ಮನ ಕಣ್ಣು ಮಗನಿಂದ ಮಗಳಿಗೆ, ಮಗಳಿಂದ ಮಗನಿಗೆ ಓಡಾಡಿತು. ಮಂಡಿಗಳ ನಡುವಿನಿಂದ ಕೈ ಜಾರಿ ಹೊರಬಂದು ಟವೆಲಿನ ಮೇಲೆ ತಟಪಟ ಬಡಿಯತೊಡಗಿತು.

"ಯಾಕ್ರೋ? ಕಿತ್ತಳೆ ಅಲ್ವಾ?"

ಅಣ್ಣ ತಂಗಿಯ ಮುಖ ನೋಡಿದ.

"ಕಿತ್ತಳೆಯೇ ಅಮ್ಮ," ಅಂದಳು ತಂಗಿ. "ಜಾಸ್ತಿ ಬಿದ್ದಿದ್ದೂ ನಿಜ."

"ಮತ್ತೆ? ನನ್ನ ಹತ್ರಾನಾ?" ಅಮ್ಮ ಗೆದ್ದವಳ ಹಾಗೆ ನಕ್ಕಳು. "ದಿನಾ ಹಾಕೋದು ಮೂರು ತೊಟ್ಟು. ಇವತ್ತು ಎರಡೇ ಬಿತ್ತು. ಇನ್ನೊಂದು ಹಾಕು."

ಕಣ್ಣು ಮುಚ್ಚಿ, ಬಾಯಿ ಅಗಲಿಸಿ, ಎಣ್ಣೆ ಮಿರುಗುವ ನಾಲಿಗೆಯನ್ನು ಚಾಚಿ ಕಾದಳು. ಅದರ ಮೇಲೆ ಅಣ್ಣನ ಕೈ ನಿಂತಿತ್ತು. ಗಾಜಿನ ಕೊಳವೆಯ ತುದಿಯಲ್ಲಿ ಹನಿ ಊದಿಕೊಳ್ಳುತ್ತಿತ್ತು.