‘ನೋಟ’ದ ಮೂರನೇ ಸಂಚಿಕೆ

ಶಿವಮೊಗ್ಗದ ಜನ ಗೋಡೆ ಕಟ್ಟಿಸುವುದೇ ಕ್ಯಾಲೆಂಡರ್ ನೇತುಹಾಕಲಿಕ್ಕೆ ಎಂದು ಶೀಲಾ ತೀರ್ಮಾನಿಸಿ ಬಹಳ ಕಾಲವಾಗಿತ್ತು. ಸ್ವಲ್ಪ ದುಡ್ಡಿದ್ದವರಾದರೆ ಓಡುವ ಏಳು ಕುದುರೆ. ಇನ್ನೂ ಸ್ವಲ್ಪ ಇದ್ದವರಾದರೆ ಅದೇ ಕುದುರೆಗಳಿಗೆ ಬಂಗಾರದ ಬಣ್ಣದ ಫ್ರೇಮು. ಅವಳು ದಾವಣಗೆರೆಯಲ್ಲಿ ಚಿತ್ರಕಲೆ ಓದಿ ಬಂದು ಭದ್ರಾವತಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರಾಗಿದ್ದಳು. ಹಗಲು ಹುಡುಗರಿಂದ ಹೂಜಿ, ಮಾವಿನಕಾಯಿ ಬರೆಸುವುದು. ಉಳಿದ ಹೊತ್ತಿನಲ್ಲಿ ತಾನು ಎಣ್ಣೆಬಣ್ಣದ ಚಿತ್ರ ಬರೆದು ಮಂಚದ ಕೆಳಗೆ ತಳ್ಳುವುದು. ಯಾರೂ ಕೊಳ್ಳುವುದು ಬೇಡ. ಒಬ್ಬರಾದರೂ ಒಂದು ಚಿತ್ರದ ಮುಂದೆ ನಿಂತು ಸರಿಯಾಗಿ ನೋಡಿದರೆ ಸಾಕಿತ್ತು.

ಅದಕ್ಕೇ ೧೯೯೯ರಲ್ಲಿ ‘ನೋಟ’ ಎಂಬ ನಾಲ್ಕು ಪುಟದ ಮಾಸಪತ್ರಿಕೆ ಶುರುಮಾಡಿದಳು. ಒಳಗೆ ಅವಳ ಚಿತ್ರಗಳು, ಅವುಗಳ ಬಗ್ಗೆ ಅವಳದೇ ಲೇಖನ, ಕೊನೆಗೆ ‘ಒಬ್ಬ ಕಲಾಭಿಮಾನಿ’ಯ ಮೆಚ್ಚುಗೆ. ಅದೂ ಅವಳೇ ಬರೆದದ್ದು. ಯಾವ ಡಾಕ್ಟರು, ವಕೀಲರು, ಲೆಕ್ಚರರುಗಳನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲವೋ ಅವರ ವಿಳಾಸಗಳನ್ನೇ ಟೆಲಿಫೋನ್ ಡೈರೆಕ್ಟರಿಯಿಂದ ಆರಿಸಿ ಕಳಿಸುತ್ತಿದ್ದಳು.

ಅಚ್ಚು ಹಾಕುವವನು ಆಲ್ಕೊಳದ ಯೋಗರಾಜ. ಅಂಚೆಗೆ ಹಾಕುವ ಕೆಲಸವೂ ಅವನದೇ. ಮದುವೆ ಕಾರ್ಡು, ಬಿಲ್ ಪುಸ್ತಕ, ತಿಥಿ ಪತ್ರಿಕೆಗಳಲ್ಲಿ ಕೈ ಪಳಗಿದವನು. ಮೊದಲ ಸಂಚಿಕೆಯಲ್ಲೇ ಕೊನೆಯ ಪುಟದ ಖಾಲಿ ಜಾಗಕ್ಕೆ, ಸಹಕಾರ ಸಂಘದ ನಿರ್ದೇಶಕರಾಗಿ ಆಯ್ಕೆಯಾದ ಪುಟ್ಟಯ್ಯನವರಿಗೆ ಹಾರ್ದಿಕ ಅಭಿನಂದನೆಗಳು ಎಂದು ಫೋಟೋ ಸಮೇತ ಹಾಕಿಬಿಟ್ಟ.

“ಯಾರ್ರೀ ಇವ್ರು?”

“ನಮ್ಮ ಮಾವ ಮೇಡಂ. ಜಾಗ ಸುಮ್ನೆ ವೇಸ್ಟ್ ಆಗ್ತಿತ್ತು.”

“ವೇಸ್ಟ್ ಅಲ್ಲ. ಓದೋರ ಕಣ್ಣು ಉಸಿರಾಡ್ಲಿ ಅಂತ ಬಿಟ್ಟಿದ್ದು.”

“ಕಣ್ಣು ಉಸಿರಾಡುತ್ತಾ ಮೇಡಂ?”

“ನಿಮ್ಗೆ ಹೇಳಿ ಪ್ರಯೋಜನ ಇಲ್ಲ ಬಿಡಿ.”

ಆ ಸಂಚಿಕೆಗೆ ಬಂದ ಉತ್ತರ ಒಂದೇ. ಪುಟ್ಟಯ್ಯನವರು ಇನ್ನಷ್ಟು ಪ್ರತಿ ಕೇಳಿ ಬರೆದಿದ್ದರು. ಎರಡನೆಯದಕ್ಕೆ ಅದೂ ಬರಲಿಲ್ಲ.

ಕಪ್ಪುಬಿಳುಪಿನ ಅಚ್ಚಿನಲ್ಲಿ ಈ ಜನಕ್ಕೆ ಏನೂ ತಿಳಿಯುವುದಿಲ್ಲ, ಚಿತ್ರಗಳನ್ನೇ ತಂದು ಮುಖಕ್ಕೆ ಹಿಡಿಯಬೇಕು ಎಂದು ಶೀಲಾ ಪ್ರದರ್ಶನಕ್ಕೆ ಸಿದ್ಧಳಾದಳು. ವಿನೋಬನಗರದಲ್ಲಿ ಅವಳ ಸೋದರತ್ತೆ ಶೇಷಮ್ಮನ ಸ್ವಂತ ಮನೆಯಿತ್ತು. ಮಹಡಿಯ ಹಾಲು ಖಾಲಿ ಬಿದ್ದಿತ್ತು. ಶೇಷಮ್ಮ ಕೊಡಲು ಒಪ್ಪಿದಳು, ಆದರೆ ಸುಮ್ಮನೆ ಅಲ್ಲ.

“ನಿನ್ನ ಪೇಪರ್ನ ನನ್ನ ಕಡೆಯೋರಿಗೂ ಕಳಿಸು. ಮಲವಗೊಪ್ಪದ ಆ ರಂಗಪ್ಪಂಗೆ ಮೊದ್ಲು ಕಳಿಸು.”

“ಅವ್ರ ಹತ್ರ ನೀವು ಮಾತಾಡಲ್ವಲ್ಲ ಅತ್ತೆ?”

“ಮಾತಾಡಲ್ಲ. ಹೊಟ್ಟೆ ಉರ್ಕೊಳ್ಳಿ. ಮತ್ತೆ, ನಂದೂ ಒಂದು ಚಿತ್ರ ಬರಿ ಮಾರಾಯ್ತಿ. ಬರೀ ಬೂದಿ ಗುಡ್ಡೆ, ಮುರಿದ ಸೈಕಲ್ಲು ಬರ್ಕೊಂಡು ಕೂತಿರ್ತೀಯ.”

ರಂಗಪ್ಪ ಶೇಷಮ್ಮನ ಸತ್ತ ಗಂಡನ ತಮ್ಮ. ಆಸ್ತಿ ಪಾಲಿನ ಜಗಳದಲ್ಲಿ ಎರಡು ಮನೆಗೂ ಹೋಗಿಬರುವುದು ನಿಂತು ಎಷ್ಟೋ ವರ್ಷವಾಗಿತ್ತು.

ಶೇಷಮ್ಮ ಜರಿಸೀರೆ ಉಟ್ಟು, ಮುಖಕ್ಕೆ ಪೌಡರ್ ಬಡಿದು ಕೂತಳು. ಶೀಲಾ ಜರಿಯನ್ನೂ ಬಿಟ್ಟಳು, ಪೌಡರನ್ನೂ ಬಿಟ್ಟಳು. ವಿಧವೆಯ ಒಂಟಿತನವನ್ನು ಹಿಡಿಯಬೇಕೆಂದು ಚಿತ್ರವನ್ನು ಭದ್ರಾವತಿಗೆ ಒಯ್ದು ಕೆನ್ನೆಗೆ ಬೂದು ಬಳಿದಳು, ಕಣ್ಣನ್ನು ಗುಳಿಗೆ ಇಳಿಸಿದಳು, ಅರ್ಧ ಮುಖವನ್ನು ಕತ್ತಲೆಗೆ ಕೊಟ್ಟಳು. ಶೇಷಮ್ಮನಿಗೆ ಬೆಳಗ್ಗೆಯೆಲ್ಲ ಬಾಡಿಗೆಯವರೊಡನೆ ಜಗಳ, ಸಂಜೆ ಮಹಿಳಾ ಸಮಾಜ, ಆಮೇಲೆ ಟೀವಿ. ಒಂಟಿಯಾಗಿರಲು ಅವಳಿಗೆ ಪುರುಸೊತ್ತೇ ಇರಲಿಲ್ಲ. ಶೀಲಾ ಅದನ್ನು ಗಮನಿಸಿರಲಿಲ್ಲ.

ಮೂರನೇ ಸಂಚಿಕೆಯ ಕೊನೆಯ ಪುಟಕ್ಕೆ ಈ ಚಿತ್ರವನ್ನೇ ಕೊಟ್ಟಳು. ಕೆಳಗೆ ಹೆಸರಿಲ್ಲ, ಪ್ರದರ್ಶನ ಎಂಬ ಮಾತೂ ಇಲ್ಲ. ಚಿತ್ರಕ್ಕೆ ಚೀಟಿ ಅಂಟಿಸುವುದು ದಡ್ಡರಿಗಾಗಿ ಎಂಬುದು ಅವಳ ಮತ. ಬರೀ ಇಷ್ಟು: ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ, ಶ್ರೀಮತಿ ಶೇಷಮ್ಮನವರ ಮನೆ, ವಿನೋಬನಗರ. ತಾವು ತಪ್ಪದೆ ಬರಬೇಕು.

“ಪ್ರೂಫ್ ಕಳಿಸ್ಲಾ ಮೇಡಂ?” ಎಂದು ಯೋಗರಾಜ ಸ್ಕೂಲಿಗೆ ಫೋನ್ ಮಾಡಿದ.

“ಬೇಡ. ಈ ಸಲ ನೀವು ಒಂದಕ್ಷರ ಸೇರಿಸಿದ್ರೂ ನಾನು ಪ್ರೆಸ್ ಬದಲಾಯಿಸ್ತೀನಿ.”

ಯೋಗರಾಜ ಒಂದಕ್ಷರವನ್ನೂ ಸೇರಿಸದೆ ಅಚ್ಚು ಹಾಕಿ ನೇರ ಅಂಚೆಗೆ ಕೊಟ್ಟ. ಶೇಷಮ್ಮನಿಗೂ ಒಂದು ಪ್ರತಿ ಬಂತು. ಹಿಂದಿನ ಎರಡರಂತೆ ಅದನ್ನೂ ಬಿಡಿಸದೆ ಅವಳು ಟೀವಿ ಮೇಲೆ ಇಟ್ಟಳು.

ಭಾನುವಾರ ಶೀಲಾ ಬೆಳಗ್ಗೆಯೇ ಟೆಂಪೋದಲ್ಲಿ ಚಿತ್ರಗಳನ್ನು ತಂದು ಮಹಡಿಯಲ್ಲಿ ತೂಗುಹಾಕಿದಳು. ಅತ್ತೆಯ ಚಿತ್ರ ಹೊರಗಿನ ಮೆಟ್ಟಿಲು ಹತ್ತಿದ ಕೂಡಲೇ ಕಾಣುವಂತೆ. ಶೇಷಮ್ಮ ಕೆಳಗೆ ಅಡಿಗೆಮನೆಯಲ್ಲಿ ಉಪ್ಪಿಟ್ಟಿನ ಗಡಿಬಿಡಿಯಲ್ಲಿದ್ದಳು.

ಹತ್ತು ಗಂಟೆಗೆ ಜನ ಬಂದರು. ಡಾಕ್ಟರು, ವಕೀಲರು ಯಾರೂ ಇಲ್ಲ. ಬಿಳಿ ಪಂಚೆಯ ಗಂಡಸರು, ಸೆರಗು ಹೊದ್ದ ಹೆಂಗಸರು, ಒಬ್ಬೊಬ್ಬರೇ ಮೆಲ್ಲಗೆ ಮೆಟ್ಟಿಲು ಹತ್ತಿ ನೇರ ಆ ಚಿತ್ರದ ಮುಂದೆ ಹೋಗಿ ನಿಂತರು. ಮುಂದಿದ್ದವನು ರಂಗಪ್ಪ, ಪಕ್ಕದಲ್ಲಿ ಹೆಂಡತಿ ವೀರಮ್ಮ. ವೀರಮ್ಮ ಚಿತ್ರವನ್ನು ಬಹಳ ಹೊತ್ತು ನೋಡಿ ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಓಡುವ ಏಳು ಕುದುರೆಗಳನ್ನು ನೋಡಿ ಯಾರಾದರೂ ಅತ್ತಿದ್ದುಂಟೇ? ಓದಿದವರಿಗಿಂತ ಇವರೇ ವಾಸಿ ಎಂದು ಶೀಲಾ ಅಂದುಕೊಂಡಳು.

ಅಷ್ಟರಲ್ಲಿ ರಂಗಪ್ಪ ಕೈಯಲ್ಲಿದ್ದ ಬಾಳೆಲೆ ಪೊಟ್ಟಣ ಬಿಚ್ಚಿ, ಸೇವಂತಿಗೆ ಹಾರ ತೆಗೆದು ಚಿತ್ರಕ್ಕೆ ಹಾಕಿದ.

“ಏನ್ ಮಾಡ್ತಿದೀರಿ?”

“ಬದುಕಿದ್ದಾಗ ಮಾತಾಡ್ಸಲಿಲ್ಲ ಕಣಮ್ಮ,” ಎಂದು ರಂಗಪ್ಪ ಕಣ್ಣೊರೆಸಿಕೊಂಡ. “ಹೋದ ಸುದ್ದೀನೂ ಯಾರೂ ಹೇಳ್ಲಿಲ್ಲ. ಪೋಸ್ಟಲ್ಲಿ ಬಂತು.”

ಅವನು ಜೇಬಿನಿಂದ ‘ನೋಟ’ ತೆಗೆದು ತೋರಿಸಿದ. ಚಿತ್ರದ ಸುತ್ತ ಬೆರಳು ದಪ್ಪದ ಕಪ್ಪು ಗೆರೆ. ಎರಡೂ ಪಕ್ಕಕ್ಕೆ ಉರಿಯುವ ದೀಪ. ಕೆಳಗೆ ದಿನ, ವೇಳೆ, ವಿಳಾಸ.

ಅದೇ ಹೊತ್ತಿಗೆ ಶೇಷಮ್ಮ ಕಾಫಿ ತಟ್ಟೆ ಹಿಡಿದು ಮೇಲೆ ಬಂದಳು. ವೀರಮ್ಮ ಕಿಟಾರನೆ ಕಿರುಚಿ ಗಂಡನ ಹಿಂದೆ ಅಡಗಿದಳು.

“ಅತ್ತಿಗೇ!”

“ಏನೋ ರಂಗಪ್ಪ, ಯಾರ್ ಸತ್ರು?”

“ನೀವೇ ಅತ್ತಿಗೆ.”

ಶೇಷಮ್ಮ ತಟ್ಟೆ ಇಟ್ಟು ಕಾಗದ ನೋಡಿದಳು. ಆಮೇಲೆ ಚಿತ್ರದ ಹತ್ತಿರ ಹೋದಳು. ಅದನ್ನು ಅವಳು ನೋಡುತ್ತಿದ್ದುದು ಅದೇ ಮೊದಲು. ಜನವೆಲ್ಲ ಒಮ್ಮೆ ಚಿತ್ರವನ್ನು, ಒಮ್ಮೆ ಅವಳನ್ನು ನೋಡುತ್ತ ನಿಂತರು.

“ಇದು ನಾನೇನೇ?”

“ಅತ್ತೆ, ಅದು ನಿಮ್ಮ ಒಳಗಿರೋ ಒಂಟಿತನ...”

“ನಿನ್ ಒಂಟಿತನ ನನ್ ಮುಖಕ್ಕೆ ಯಾಕೆ ಬಳಿದೆ? ಇದನ್ನ ನೋಡಿದ್ರೆ ಬದುಕಿದಾಳೆ ಅಂತ ಯಾರು ಅಂದ್ಕೋತಾರೆ? ನಿಂದೇನ್ ತಪ್ಪಿಲ್ಲ ರಂಗಪ್ಪ. ನಾನಾಗಿದ್ರೂ ಹಾರ ತರ್ತಿದ್ದೆ.” ಆಮೇಲೆ ವೀರಮ್ಮನ ಕಡೆ ತಿರುಗಿ, “ಅತ್ತಿದ್ದು ಸಾಕು ಬಾರೇ, ಉಪ್ಪಿಟ್ಟು ಆರ್ತಿದೆ,” ಎಂದಳು.

ಯಾರೋ ನಕ್ಕರು. ಎಲ್ಲರೂ ಕೆಳಗಿಳಿದರು. ಉಳಿದ ಚಿತ್ರಗಳ ಕಡೆ ಒಬ್ಬರೂ ತಿರುಗಲಿಲ್ಲ.

ಶೀಲಾ ಹಾರದ ಚಿತ್ರದೆದುರು ನಿಂತಳು. ತಿಳಿಗೇಡಿ ಜನ ಎಂದು ಬೈದುಕೊಳ್ಳಲು ನೋಡಿದಳು, ಬಾಯಿಗೆ ಬರಲಿಲ್ಲ. ಬೂದು ಕೆನ್ನೆ, ಗುಳಿಬಿದ್ದ ಕಣ್ಣು; ಹಾರ ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಕೆಳಗಿಳಿದು ನಡುಮನೆಯ ಫೋನಿನಿಂದ ಯೋಗರಾಜನ ಮನೆಗೆ ಕರೆ ಮಾಡಿದಳು.

“ದೀಪ ಯಾಕ್ರೀ ಹಾಕಿದ್ರಿ?”

“ಒಂದಕ್ಷರಾನೂ ಸೇರಿಸಿಲ್ಲ ಮೇಡಂ, ದೇವ್ರಾಣೆ. ಮುಖ ನೋಡಿದ್ರೆ ಗೊತ್ತಾಗಲ್ವಾ? ಬರೀ ಮುಖ ಬೋಳುಬೋಳು ಕಾಣ್ತಿತ್ತು, ದೀಪ ಇಟ್ಟೆ.” ಆಮೇಲೆ ಅವನೇ ಕೇಳಿದ: “ಜನ ಬಂದಿದ್ರಾ ಮೇಡಂ?”

“ಬಂದಿದ್ರು.”

“ಚಿತ್ರ ನೋಡಿದ್ರಾ?”

ಒಳಗೆ ಶೇಷಮ್ಮ ತನ್ನ ಸಾವಿನ ಕಥೆಯನ್ನು ಆಗಲೇ ಎರಡನೇ ಸಲ ಹೇಳುತ್ತಿದ್ದಳು; ರಂಗಪ್ಪ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿಸಿಕೊಳ್ಳುತ್ತಿದ್ದ.

“ಚೆನ್ನಾಗಿ ನೋಡಿದ್ರು,” ಎಂದು ಶೀಲಾ ಫೋನಿಟ್ಟಳು.