ಮುಂದಿನ ಜಾಗ

ಅಣ್ಣನ ಶವಪೆಟ್ಟಿಗೆಯ ಹಿಡಿಗೆ ತಮ್ಮ ಕೈ ಹಾಕಿದ್ದೇ ತಡ, ದೋಣಿ ಕ್ಲಬ್ಬಿನ ಕಾರ್ಯದರ್ಶಿ ಮೆತ್ತಗೆ ಆ ಕೈ ಬಿಡಿಸಿದರು.

"ನೀವು ಬಿಡಿ ಸಾರ್. ನಿಮ್ಮ ಬೆನ್ನಿನ ವಿಷ್ಯ ನಿಮ್ಮಣ್ಣ ಹೇಳ್ತಾನೇ ಇದ್ರು."

"ಪಾಪ, ವರ್ಷಗಟ್ಟಲೆ ನರಳ್ತಿದಾನೆ," ಎಂದಳು ಸೋದರತ್ತೆ. "ಒಂದು ಕುರ್ಚಿ ಕೊಡಿ ಅವನಿಗೆ."

ಕುರ್ಚಿಯೂ ಬಂತು. ತಮ್ಮ ಕೂರಲಿಲ್ಲ. ಅವನ ಬೆನ್ನಿಗೆ ಅಂದೂ ಏನೂ ಆಗಿರಲಿಲ್ಲ, ಇಂದೂ ಇಲ್ಲ. ಅಣ್ಣನಿಗಾಗಿ ಮಾಡಲು ಉಳಿದಿದ್ದು ಇದೊಂದೇ ಕೆಲಸ. ಅದನ್ನೂ ತನ್ನ ಸುಳ್ಳೇ ಕಿತ್ತುಕೊಂಡಿತೆಂದು ಅವನಿಗೆ ನಾಚಿಕೆಯಾಯಿತು.

*

ಬೇರಿಂಗ್ ಕಂಪನಿಯೊಂದರ ಮಾರಾಟ ವಿಭಾಗಕ್ಕೆ ಸೇರಿದ ಅಣ್ಣ ಕೊನೆಗೆ ಅದರ ಪಾಲುದಾರನೇ ಆದ. ವಾರವಿಡೀ ಬೇರಿಂಗ್ ಮಾರುತ್ತಿದ್ದ, ಭಾನುವಾರ ಹಾಯಿದೋಣಿ ಪಂದ್ಯದಲ್ಲಿ ಸೋಲುತ್ತಿದ್ದ. ಯಾವ ಗಿರಾಕಿಯನ್ನೂ ಬಿಟ್ಟುಕೊಡದವನು ನೀರಿಗಿಳಿದರೆ ಎಲ್ಲರಿಗೂ ದಾರಿ ಬಿಡುತ್ತಿದ್ದ.

ಇಬ್ಬರು ಕೂರುವ ದೋಣಿ. ಹಿಂದೆ ಚುಕ್ಕಾಣಿ ಹಿಡಿದು ಅಣ್ಣ, ಮುಂದೆ ತಮ್ಮ. ದೋಣಿ ತಿರುಗುವಾಗ ಹಾಯಿಯ ಅಡ್ಡಗೋಲು ತಲೆಯ ಮಟ್ಟಕ್ಕೇ ಬೀಸಿ ಬರುತ್ತದೆ. ಅದಕ್ಕೇ ಪ್ರತಿ ಸಲ ಹಿಂದಿನಿಂದ ಅಣ್ಣನ ದನಿ: "ತಿರುಗ್ತೀವಿ." ತಮ್ಮ ತಲೆ ಬಗ್ಗಿಸುತ್ತಿದ್ದ.

ಸೋತು ಸೋತು ತಮ್ಮನಿಗೆ ಸಾಕಾಯಿತು. ಒಂದು ಭಾನುವಾರ, "ಬೆನ್ನು ಹಿಡ್ಕೊಂಡಿದೆ," ಎಂದ.

"ವಾಸಿ ಮಾಡ್ಕೋ. ನಿನ್ನ ಜಾಗ ಎಲ್ಲಿಗೂ ಹೋಗಲ್ಲ," ಎಂದಿದ್ದ ಅಣ್ಣ.

*

ಅಂಗಳದ ದಾರಿಗೆ ಅಡ್ಡವಾಗಿ ದೋಣಿಯ ಟ್ರೇಲರ್ ನಿಂತಿತ್ತು. ಅದು ಸರಿಯದೆ ಪೆಟ್ಟಿಗೆ ಹೊರಗೆ ಹೋಗುವಂತಿರಲಿಲ್ಲ. ಮೂತಿ ಭಾರಕ್ಕೆ ನೆಲ ಕಚ್ಚಿತ್ತು; ನಾಲ್ವರು ತಳ್ಳಿದರೂ ಜಗ್ಗಲಿಲ್ಲ.

"ಮುಂದೆ ಮರಳಿನ ಮೂಟೆ ಇದೆ," ಎಂದರು ಕಾರ್ಯದರ್ಶಿ. "ನಿಮ್ಮ ಭಾರದ ಬದಲು ಸಾರ್. ಬೇರೆಯವ್ರನ್ನ ಕೂರಿಸ್ಕೊಳ್ಳಿ ಅಂದ್ರೆ ಕೇಳ್ತಿರಲಿಲ್ಲ. ಬೆನ್ನು ವಾಸಿಯಾದ್ಮೇಲೆ ತಮ್ಮ ಬರ್ತಾನೆ ಅನ್ನೋರು."

ತಮ್ಮನೇ ಟ್ರೇಲರ್ ಹತ್ತಿರ ಹೋದ. ದೋಣಿಯೊಳಕ್ಕೆ ಬಾಗಿ, ಮೂಟೆಯನ್ನು ಎದೆಗವಚಿ ಎತ್ತಿ, ಗೋಡೆ ಪಕ್ಕ ಇಳಿಸಿ, ನೆಟ್ಟಗೆ ನಿಂತ. ಅಂಗಳದಲ್ಲಿದ್ದವರೆಲ್ಲ ಅವನ ಬೆನ್ನನ್ನೇ ನೋಡಿದರು.

"ಹುಷಾರು ಕಣೋ, ಬೆನ್ನು..." ಸೋದರತ್ತೆ ಅರ್ಧಕ್ಕೇ ನಿಲ್ಲಿಸಿದಳು.

"ಬೆನ್ನಿಗೇನೂ ಆಗಿಲ್ಲ ಅತ್ತೆ," ಎಂದ. "ಯಾವತ್ತೂ ಆಗಿರಲಿಲ್ಲ."

ಅತ್ತಿಗೆ ಬಾಗಿಲಲ್ಲಿ ನಿಂತು ಅವನನ್ನೇ ದಿಟ್ಟಿಸಿದಳು.

"ಹಾಗಾದ್ರೆ ಮುಂದೆ ಹಿಡ್ಕೋ," ಎಂದಳು. ದನಿಯಲ್ಲಿ ಕ್ಷಮೆ ಇರಲಿಲ್ಲ.

ಟ್ರೇಲರ್ ಸರಿಸಿದ ಮೇಲೆ ಅವನು ಮುಂದಿನ ಹಿಡಿ ಹಿಡಿದ. ಪೆಟ್ಟಿಗೆ ಮೇಲೆದ್ದಿತು. ಗೇಟಿನ ಹತ್ತಿರ ದಾರಿ ಎಡಕ್ಕೆ ಹೊರಳುತ್ತದೆ.

"ತಿರುಗ್ತೀವಿ," ಎಂದರು ಹಿಂದಿನಿಂದ ಕಾರ್ಯದರ್ಶಿ.

ತಮ್ಮ ತಲೆ ಬಗ್ಗಿಸಿದ.